ಒಂದು ಸಂವತ್ಸರದ ಚರಿತ್ರೆ: ಗುಜರಾತಿನಲ್ಲಿ 1618

1618 ಎಂದು ನಾವು ಸಲೀಸಾಗಿ ಬರೆಯುವ ವರ್ಷವು ಆ ಕಾಲದ ಗುಜರಾತಿನಲ್ಲಿ ಒಂದೇ ವರ್ಷವಾಗಿರಲಿಲ್ಲ. ಬಾದಶಹ ಜಹಾಂಗೀರನಿಗೆ ಅದು ತನ್ನ ಆಳಿಕೆಯ ಹದಿಮೂರನೆಯ ವರ್ಷ, ಮೊದಲಾಗುತ್ತಿದ್ದುದು ಮಾರ್ಚಿಯ ನೌರೋಜಿನಂದು. ಮೌಲ್ವಿಗಳಿಗೆ ಹಿಜರಿ 1027. ಕಾರ್ತಿಕದಿಂದ ವರ್ಷವನ್ನೆಣಿಸುವ ಸೂರತಿನ ವರ್ತಕನ ವಹಿಯಲ್ಲಿ ವಿಕ್ರಮ ಸಂವತ್ 1674 ದಾಟಿ 1675. ಇಂಗ್ಲಿಷ್ ರಾಯಭಾರಿ ಸರ್ ಥಾಮಸ್ ರೋನ ದಿನಚರಿಗಾದರೋ ಮಾರ್ಚಿ 25ರವರೆಗೆ ಹಳೆಯ ವರ್ಷವೇ ನಡೆದಿತ್ತು. ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸುವ ಉದ್ಯೋಗಕ್ಕೆ ಮೂರೂವರೆ ಶತಮಾನ ಹಿಡಿಯಿತು.

ಆ ಉದ್ಯೋಗದ ಮೊದಲ ಲೇಖಕ ಬಾದಶಹನೇ. ಖಂಬಾತದಲ್ಲಿ ಸಮುದ್ರದರ್ಶನವನ್ನು ಮುಗಿಸಿ ಜನವರಿಯಲ್ಲಿ ಅಹಮದಾಬಾದನ್ನು ಹೊಕ್ಕ ಜಹಾಂಗೀರನು ಆ ಊರಿನ ಧೂಳಿಗೂ ಬಿಸಿಲಿಗೂ ಬೇಸತ್ತು, ಅದನ್ನು ಗರ್ದಾಬಾದ್ ಎನ್ನಲೋ, ಬೀಮಾರಿಸ್ತಾನ್ ಎನ್ನಲೋ, ಜಹನ್ನಮಾಬಾದ್ ಎನ್ನಲೋ ಎಂದು ತನ್ನ ಆತ್ಮಕಥೆಯಲ್ಲಿ ಹೀಗಳೆದಿದ್ದಾನೆ. ಆದರೆ ಆಗ್ರೆಯಲ್ಲಿ ಮಹಾಮಾರಿ ಹಬ್ಬಿದ ಸುದ್ದಿ ಬಂದುದರಿಂದ, ದಾಹೋದದ ಕಡೆ ಆನೆಯ ಬೇಟೆಗೆ ಹೋದವನು ಮರಳಿ ಇದೇ ಊರಿಗೆ ಬಂದು, ಜ್ವರದಿಂದ ನರಳುತ್ತ ಮಳೆಗಾಲವನ್ನು ಕಳೆಯಬೇಕಾಯಿತು. ಬೈದ ಊರಿನಲ್ಲಿಯೇ ಅವನ ಲೇಖನಿ ಅತ್ಯಂತ ಚುರುಕಾಯಿತೆಂಬುದು ವಿನೋದ. ಹನ್ನೆರಡು ವರ್ಷಗಳ ವೃತ್ತಾಂತವನ್ನು ಇಲ್ಲಿಯೇ ಗ್ರಂಥವಾಗಿ ಕಟ್ಟಿಸಿ, ಮೊದಲ ಪ್ರತಿಯನ್ನು ಮಗನೂ ಗುಜರಾತಿನ ಸುಬೇದಾರನೂ ಆದ ಶಹಾಜಹಾನನಿಗೆ ಕೊಟ್ಟನು. ಅದರ ಮುಖಚಿತ್ರವನ್ನು ಬರೆದ ಅಬುಲ್ ಹಸನನಿಗೆ ನಾದಿರುಜ್ಜಮಾನನೆಂಬ ಬಿರುದು ದೊರೆಯಿತು. ನಾಣ್ಯದ ಮೇಲೆ ತಿಂಗಳ ಹೆಸರಿಗೆ ಬದಲಾಗಿ ಆಯಾ ರಾಶಿಯ ಆಕೃತಿ, ಮೇಷಕ್ಕೆ ಟಗರು, ವೃಷಭಕ್ಕೆ ಗೂಳಿ, ಇರಲೆಂಬ ಆಜ್ಞೆಯೂ ಈ ವರ್ಷದ್ದೇ. ಇದು ತನ್ನದೇ ಕಲ್ಪನೆಯೆಂದು ಅವನು ಹೆಮ್ಮೆಪಟ್ಟಿದ್ದಾನೆ.

ಈ ಪುಟಗಳಲ್ಲೆಲ್ಲ ನನ್ನ ಮನಸ್ಸಿಗೆ ಹಿಡಿಸಿದ್ದು ಸಾರಸಗಳ ಪ್ರಸಂಗ. ಲೈಲಾ ಮಜನೂ ಎಂದು ಹೆಸರಿಟ್ಟು ಸಾಕಿದ್ದ ಜೋಡಿ ಎರಡು ಮೊಟ್ಟೆಗಳನ್ನಿಟ್ಟಾಗ, ರಾತ್ರಿಯೆಲ್ಲ ಹೆಣ್ಣು ಕಾವು ಕೊಡುವುದನ್ನೂ, ಗಂಡು ಬಳಿಯಲ್ಲಿ ನಿಂತು ಕಾಯುವುದನ್ನೂ, ಬೆಳಗಾಗುತ್ತಲೇ ಅದು ಕೊಕ್ಕಿನಿಂದ ಹೆಣ್ಣಿನ ಬೆನ್ನನ್ನು ಕೆರೆದು ಎಬ್ಬಿಸಿ ತಾನು ಕೂರುವುದನ್ನೂ ವಿಚಾರಿಸಿ ಬರೆಸಿ, ಮೊದಲ ಮರಿ 34 ದಿನಕ್ಕೆ ಹೊರಬಂದಿತೆಂದು ಲೆಕ್ಕವಿಟ್ಟ ಅರಸನು ರಾಜ್ಯದ ಕಾಗದಪತ್ರಗಳಿಗೆ ಇಷ್ಟು ತಾಳ್ಮೆ ತೋರಿದಂತೆ ಕಾಣುವುದಿಲ್ಲ.

ಏಕೆಂದರೆ ಅದೇ ವರ್ಷ ಶಹಾಜಹಾನನಿಂದ ಸೂರತಿನ ವ್ಯಾಪಾರಕ್ಕೆ ಫರ್ಮಾನು ಪಡೆಯಲು ರೋ ಹೆಣಗುತ್ತಿದ್ದನು. ಇಂಗ್ಲಿಷರು ಮನೆಯನ್ನು ಬಾಡಿಗೆಗೆ ಹಿಡಿಯಬಹುದು, ಕೊಳ್ಳಕೂಡದು, ಕಟ್ಟಕೂಡದು ಎಂಬ ನಿರ್ಬಂಧದೊಂದಿಗೆ ಅದು ದೊರೆತು, 1619ರ ಫೆಬ್ರವರಿಯಲ್ಲಿ ಅವನು ಹಡಗೇರಿದನು. ಜಹಾಂಗೀರನ ಆತ್ಮಕಥೆಯಲ್ಲಿ ಅವನ ಹೆಸರೇ ಇಲ್ಲ.

ಮೊಗಲ ಪರಿವಾರವು ಆಗ್ರೆಗೆ ಹಿಂದಿರುಗುವ ದಾರಿಯಲ್ಲಿ, ಹಳೆಯ ಪಂಚಾಂಗದಂತೆ ಅಕ್ಟೋಬರ್ 24ರಂದು (ಹೊಸ ಲೆಕ್ಕದಲ್ಲಿ ನವೆಂಬರ್ 3), ದಾಹೋದದಲ್ಲಿ ಔರಂಗಜೇಬನು ಹುಟ್ಟಿದನು. ಪುತ್ರೋತ್ಸವದ ಔತಣ ನಡೆದುದು ಮುಂದೆ ಉಜ್ಜಯಿನಿಯನ್ನು ಸೇರಿದ ಮೇಲೆ. ನಮ್ಮ ವಿಜಾಪುರದ ಆದಿಲಶಾಹಿಯನ್ನು 1686ರಲ್ಲಿ ಮುಗಿಸಿದವನು ಇದೇ ಶಿಶು. ಅವನು ಹುಟ್ಟುವಾಗ ಅಲ್ಲಿ ಇಬ್ರಾಹಿಂ ಆದಿಲಶಾಹನು ಸಂಗೀತದಲ್ಲಿ ಮಗ್ನನಾಗಿದ್ದನು. ಔರಂಗಜೇಬನು ಹುಟ್ಟಿದ ಕೆಲವೇ ದಿನಗಳಲ್ಲಿ ಬೆಳಗಿನ ಆಕಾಶದಲ್ಲಿ ಧೂಮಕೇತು ಕಾಣಿಸಿತು. ಬಾದಶಹನು ಬರೆದಿಟ್ಟ ಅದೇ ವಿಸ್ಮಯವನ್ನು ಗೋವೆಯ ಕಡೆ ಜೆಸ್ವಿಟ್ ಪಾದ್ರಿ ಕಿರ್ವಿಟ್ಜರನು ವೀಕ್ಷಿಸಿದನು, ಯೂರೋಪಿನಲ್ಲಿ ಕೆಪ್ಲರನು ಅಳೆದನು.

ಈ ವರ್ಷದ ಚರಿತ್ರೆಯನ್ನು ಬರೆಯುವ ಉದ್ಯೋಗದ ಮುಂದಿನ ಬೆಳವಣಿಗೆಯನ್ನು ಬೇಗ ಹೇಳಬಹುದು. ಗುಜರಾತಿನ ಕೊನೆಯ ಮೊಗಲ ದಿವಾನನಾದ ಅಲಿ ಮುಹಮ್ಮದ್ ಖಾನನು 1761ರ ಸುಮಾರಿಗೆ ‘ಮಿರಾತ್-ಎ-ಅಹ್ಮದಿ’ಯನ್ನು ಮುಗಿಸಿದಾಗ, ಈ ವರ್ಷವು ಬಾದಶಹನ ಅನುಭವವಾಗಿರದೆ ಸುಬೆಯ ಆಡಳಿತಕ್ರಮದ ಒಂದು ಕೊಂಡಿಯಾಯಿತು. ಆತ್ಮಕಥೆಯನ್ನು ಸರ್ ಸಯ್ಯದ್ ಅಹಮದ್ ಖಾನರು 1860ರ ದಶಕದಲ್ಲಿ ಅಚ್ಚುಹಾಕಿಸಿದರು. ರೋನ ದಿನಚರಿಯನ್ನು 1899ರಲ್ಲಿ ವಿಲಿಯಂ ಫಾಸ್ಟರ್ ಸಂಪಾದಿಸಿದನು. ಆಗ ಮೊದಲ ಬಾರಿಗೆ ಒಂದೇ ಆಸ್ಥಾನವನ್ನು ಎರಡು ಕಣ್ಣುಗಳಿಂದ ನೋಡುವುದು ಸಾಧ್ಯವಾಯಿತು. ‘ಮಿರಾತ್’ನ ಪಾರಸಿ ಮೂಲವು 1920ರ ದಶಕದಲ್ಲಿ ವಡೋದರೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಹೊರಬಂದಿತು, 1618ರಲ್ಲಿ ಅಷ್ಟೇನೂ ದೊಡ್ಡದಲ್ಲದ ಆ ಊರು ಈ ಚರಿತ್ರೆಗೆ ಸಲ್ಲಿಸಿದ ಸೇವೆಯೇನಿದ್ದರೂ ಮುದ್ರಣಾಲಯದ್ದು, ಆದರೆ ಅದು ಚಿಕ್ಕದಲ್ಲ. ಪಕ್ಷಿತಜ್ಞ ಸಾಲಿಂ ಅಲಿಯವರು ಜಹಾಂಗೀರನನ್ನು ನಿಸರ್ಗಶೋಧಕನೆಂದು ಗೌರವಿಸಿದರು, ಎಂ. ಎಸ್. ಕಮಿಸರಿಯಟರ ಗುಜರಾತ್ ಇತಿಹಾಸದ ಎರಡನೆಯ ಸಂಪುಟದಲ್ಲಿ (1957) ಪಾರಸಿ, ಇಂಗ್ಲಿಷ್, ಡಚ್ ಮೂಲಗಳು ಒಂದೆಡೆ ಕೂಡಿದುವು.

ಇಷ್ಟಾದರೂ ಜೈನರ ಪಕ್ಷಕ್ಕೆ ನ್ಯಾಯ ತಡವಾಗಿಯೇ ದೊರೆಯಿತೆನ್ನಬೇಕು. ಶ್ವೇತಾಂಬರ ಯತಿಗಳನ್ನು ಹೊರಗಟ್ಟಲು ಅಹಮದಾಬಾದಿನಿಂದ ಹೊರಟ ಆಜ್ಞೆಯನ್ನೂ, ಖರತರ ಗಚ್ಛದ ಜಿನಸಿಂಹಸೂರಿಯ ಮರಣವನ್ನೂ ಆತ್ಮಕಥೆಯು ಕಹಿಯಾಗಿ ಹೇಳುತ್ತದೆ: ಬಾದಶಹನ ರಾಜ್ಯ ಎರಡೇ ವರ್ಷ ಬಾಳುವುದೆಂದು ಈ ಯತಿ ಹಿಂದೆ ಭವಿಷ್ಯ ನುಡಿದಿದ್ದನಂತೆ, ಈಗ ಕರೆಸಿಕೊಂಡಾಗ ದಾರಿಯಲ್ಲೇ ವಿಷ ಸೇವಿಸಿದನಂತೆ. ಜೈನ ಪಟ್ಟಾವಳಿಗಳ ಸೂರಿಯಾದರೋ ಬಾದಶಹನಿಂದ ಮನ್ನಣೆ ಪಡೆದ ಗುರು. ಆತ್ಮಕಥೆಯೊಂದನ್ನೇ ನೆಚ್ಚಿ ಈ ಮರಣವನ್ನು ಬರೆಯುವವರು ಆ ಪಟ್ಟಾವಳಿಗಳನ್ನೂ ಮುಂದಿಟ್ಟುಕೊಂಡು ಓದತಕ್ಕದ್ದು.