ಚೆನ್ನೈನ ತುರ್ತು ವೈದ್ಯಕೀಯ ಸೇವೆ ಮತ್ತು ಆಂಬುಲೆನ್ಸ್ ಸಿಬ್ಬಂದಿಯ ಸುರಕ್ಷತೆ

ಅಪಘಾತ, ಹೃದಯಾಘಾತ, ಹೆರಿಗೆ, ಸುಟ್ಟಗಾಯ, ವಿಷಪ್ರಾಶನ ಮೊದಲಾದ ಸಂದರ್ಭಗಳಲ್ಲಿ ರೋಗಿ ಇದ್ದಲ್ಲಿಗೇ ಹೋಗಿ, ಪ್ರಥಮ ಚಿಕಿತ್ಸೆ ಕೊಟ್ಟು, ತಕ್ಕ ಆಸ್ಪತ್ರೆಗೆ ಸೇರಿಸುವ ವ್ಯವಸ್ಥೆ ಚೆನ್ನೈಯಲ್ಲಿ ಬೆಳೆದುಬಂದ ಬಗೆಯೂ ಅದನ್ನು ಸುಧಾರಿಸಲು ನಡೆದ ಅಧ್ಯಯನಗಳೂ ಈ ಲೇಖನದ ವಸ್ತು. ಈ ನಗರದಲ್ಲಿ ಆಸ್ಪತ್ರೆಗೆ ಮೂರೂವರೆ ಶತಮಾನದ ಚರಿತ್ರೆಯಿದೆ. ಎಲ್ಲರಿಗೂ ಉಚಿತವಾಗಿ ಸಿಗುವ ಆಂಬುಲೆನ್ಸ್ ಜಾಲ ಬಂದದ್ದು 2008ರಲ್ಲಿ. ಆ ವಾಹನದಲ್ಲಿ ದುಡಿಯುವವರ ಜೀವಕ್ಕೆ ಏನು ರಕ್ಷಣೆ ಎಂಬ ಪ್ರಶ್ನೆ ಇನ್ನೂ ತಡವಾಗಿ ಎದ್ದಿತು.

ಈಸ್ಟ್ ಇಂಡಿಯಾ ಕಂಪನಿ 1664ರಲ್ಲಿ ತನ್ನ ಕಾಯಿಲೆಬಿದ್ದ ಸೈನಿಕರಿಗಾಗಿ ಸೇಂಟ್ ಜಾರ್ಜ್ ಕೋಟೆಯೊಳಗೆ ತೆರೆದ ಚಿಕ್ಕ ಆಸ್ಪತ್ರೆಯೇ ಇಂದಿನ ರಾಜೀವ್ ಗಾಂಧಿ ಸರ್ಕಾರಿ ಸಾರ್ವಜನಿಕ ಆಸ್ಪತ್ರೆಯ ಮೂಲ. ಮದ್ರಾಸ್ ವೈದ್ಯಕೀಯ ಕಾಲೇಜು 1835ರಷ್ಟು ಹಿಂದಿನದು. ಸ್ಟಾನ್ಲಿ, ಕೀಳ್ಪಾಕ್‌ನಂಥ ಸರ್ಕಾರಿ ಆಸ್ಪತ್ರೆಗಳೂ 1983ರಲ್ಲಿ ಗ್ರೀಮ್ಸ್ ರಸ್ತೆಯಲ್ಲಿ ಆರಂಭವಾದ ಅಪೋಲೊದಂಥ ಖಾಸಗಿ ಆಸ್ಪತ್ರೆಗಳೂ ಸೇರಿ ನಗರಕ್ಕೆ ದೇಶದಾಚೆಯವರೆಗೂ ಹೆಸರು ತಂದವು. ಆದರೆ ಆಸ್ಪತ್ರೆಯ ಬಾಗಿಲವರೆಗಿನ ದಾರಿ ರೋಗಿಯ ಮನೆಯವರ ಹೊಣೆಯಾಗಿಯೇ ಉಳಿದಿತ್ತು. ಆಟೊ, ಟ್ಯಾಕ್ಸಿ, ಕೆಲವೊಮ್ಮೆ ಪೊಲೀಸ್ ಜೀಪು, ಸಿಕ್ಕಿದ್ದರಲ್ಲಿ ಮಲಗಿಸಿಕೊಂಡು ಹೋಗುತ್ತಿದ್ದರು. ಪೊಲೀಸ್ ಕೇಸಿನ ಭಯಕ್ಕೆ ದಾರಿಹೋಕರು ಗಾಯಾಳುವನ್ನು ಮುಟ್ಟುತ್ತಿರಲಿಲ್ಲ. ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಕಾನೂನಿನ ವಿಧಿಗಳಿಗಿಂತ ಪ್ರಾಣರಕ್ಷಣೆ ಮೊದಲು ಎಂದು ಹೇಳಿದರೂ, ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯಲ್ಲೇ ರಕ್ಷಣೆ ದೊರೆತದ್ದು 2019ರ ತಿದ್ದುಪಡಿಯಿಂದ. ತುರ್ತು ಚಿಕಿತ್ಸೆಯನ್ನು ಭಾರತೀಯ ವೈದ್ಯಕೀಯ ಪರಿಷತ್ತು ಪ್ರತ್ಯೇಕ ವಿಷಯವೆಂದು ಒಪ್ಪಿಕೊಂಡದ್ದೂ 2009ರಲ್ಲಿ. ಅದಕ್ಕೆ ಮುಂಚೆಯೇ ಅದರ ಬೋಧನೆ ಆರಂಭಿಸಿದ ಕೆಲವೇ ಸಂಸ್ಥೆಗಳಲ್ಲಿ ಚೆನ್ನೈನ ಪೋರೂರಿನ ಶ್ರೀ ರಾಮಚಂದ್ರ ಒಂದು.

ಆ ಉಚಿತ ಆಂಬುಲೆನ್ಸ್ ಜಾಲವಾದ 108 ಸೇವೆ ಹೈದರಾಬಾದಿನಲ್ಲಿ 2005ರ ಆಗಸ್ಟ್ 15ರಂದು ಇಎಂಆರ್‌ಐ ಎಂಬ ಸಂಸ್ಥೆಯಿಂದ ಮೊದಲಾಯಿತು. ತಮಿಳುನಾಡಿಗೆ ಅದು ಬಂದದ್ದು 2008ರ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಜನ್ಮದಿನದಂದು. ಕರ್ನಾಟಕದ ‘ಆರೋಗ್ಯ ಕವಚ’ ಅದೇ ವರ್ಷ ರಾಜ್ಯೋತ್ಸವದಂದು ಆರಂಭವಾಯಿತು. ಖರ್ಚು ಸರ್ಕಾರದ್ದು, ನಡೆಸುವುದು ಸಂಸ್ಥೆ. ಸ್ಥಾಪಕರ ಕಂಪನಿಯಾದ ಸತ್ಯಂನ 2009ರ ಹಗರಣದ ಬಳಿಕ ಇಎಂಆರ್‌ಐ ಜಿವಿಕೆ ಸಮೂಹದ ಆಶ್ರಯಕ್ಕೆ ಬಂತು. ಪ್ರತಿ ವಾಹನದಲ್ಲಿ ಇಬ್ಬರು: ಹಿಂದೆ ರೋಗಿಯ ಪಕ್ಕದಲ್ಲಿ ಇಎಂಟಿ, ಅಂದರೆ ತುರ್ತು ವೈದ್ಯಕೀಯ ತಂತ್ರಜ್ಞ, ಮುಂದೆ ಚಾಲಕ, ಅವನನ್ನು ‘ಪೈಲಟ್’ ಎನ್ನುತ್ತಾರೆ. ಇಬ್ಬರೂ ಸಂಸ್ಥೆಯ ನೌಕರರೇ ಹೊರತು ಸರ್ಕಾರಿ ನೌಕರರಲ್ಲ. ಹನ್ನೆರಡು ಗಂಟೆಯ ಪಾಳಿಯ ವಿರುದ್ಧ ಅವರ ಸಂಘಟನೆಗಳು ಮತ್ತೆ ಮತ್ತೆ ದನಿ ಎತ್ತಿವೆ. ಇಕ್ಕಟ್ಟಿನ ಬೀದಿಗಳಿಗೆ ಬೈಕ್ ಆಂಬುಲೆನ್ಸ್ ಬೆಂಗಳೂರಿನಲ್ಲಿ 2015ರಲ್ಲಿ, ಚೆನ್ನೈಯಲ್ಲಿ 2016ರಲ್ಲಿ ಬಂದವು.

108 ಬಂದ ತಿಂಗಳಲ್ಲೇ ನಡೆದ ಇನ್ನೊಂದು ಘಟನೆ ನಗರದ ರಸ್ತೆಗಳ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿತು. ಅಪಘಾತದಲ್ಲಿ ಮೆದುಳು ನಿಷ್ಕ್ರಿಯಗೊಂಡ 15 ವರ್ಷದ ಹಿತೇಂದ್ರನ್‌ನ ಅಂಗಗಳನ್ನು ವೈದ್ಯರೇ ಆಗಿದ್ದ ತಂದೆತಾಯಿ ದಾನ ಮಾಡಿದರು. ಪೊಲೀಸರು ದಾರಿಯುದ್ದಕ್ಕೂ ಸಂಚಾರ ತಡೆದು, ತೇನಾಂಪೇಟೆಯಿಂದ ಮೊಗಪ್ಪೇರಿಗೆ ಅವನ ಹೃದಯವನ್ನು ಸುಮಾರು 11 ನಿಮಿಷದಲ್ಲಿ ತಲುಪಿಸಿದರು. ಅದನ್ನು ಪಡೆದವಳು ಬೆಂಗಳೂರಿನ 9 ವರ್ಷದ ಹುಡುಗಿ. ಮುಂದೆ ದೇಶದ ನಗರಗಳೆಲ್ಲ ‘ಗ್ರೀನ್ ಕಾರಿಡಾರ್’ ಎಂದು ಕರೆದ ಪದ್ಧತಿಗೆ ಇದು ದಾರಿ ತೋರಿತು. ಮನಸ್ಸು ಮಾಡಿದರೆ ಚೆನ್ನೈನ ರಸ್ತೆ ತೆರವಾಗುತ್ತದೆ ಎಂಬುದು ಅಂದು ಸಾಬೀತಾಯಿತು. ದಿನನಿತ್ಯದ ಸಾಮಾನ್ಯ ರೋಗಿಯ ಆಂಬುಲೆನ್ಸಿಗೆ ಆ ಭಾಗ್ಯವಿಲ್ಲ.

ಸೇವೆಯ ಗುಣಮಟ್ಟ ಕುರಿತ ಅಧ್ಯಯನಗಳಲ್ಲಿ ಹೆಚ್ಚು ಗಟ್ಟಿಯಾದದ್ದು ಹೃದಯಾಘಾತಕ್ಕೆ ಸಂಬಂಧಿಸಿದ್ದು. ಬೆಲ್‌ಫಾಸ್ಟ್‌ನ ಹೃದ್ರೋಗತಜ್ಞ ಫ್ರಾಂಕ್ ಪ್ಯಾಂಟ್ರಿಜ್ 1966ರಲ್ಲಿ ಹೃದಯಚಿಕಿತ್ಸೆಯನ್ನು ವಾಹನದಲ್ಲೇ ರೋಗಿಯ ಮನೆಗೆ ಒಯ್ದಿದ್ದರು. ತಮಿಳುನಾಡಿನಲ್ಲಿ ಕೊಯಮತ್ತೂರಿನ ಡಾ. ಥಾಮಸ್ ಅಲೆಕ್ಸಾಂಡರ್, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನ ಡಾ. ಅಜಿತ್ ಮುಳ್ಳಸೇರಿ ಮತ್ತು ಸಂಗಡಿಗರು ಬೇರೊಂದು ಬಗೆಯನ್ನು ರೂಪಿಸಿದರು. ಹೃದಯದ ರಕ್ತನಾಳದ ತಡೆ ತೆರೆಯುವ ಕ್ಯಾಥ್ ಲ್ಯಾಬ್ ಇರುವ ದೊಡ್ಡ ಆಸ್ಪತ್ರೆ ನಡುವೆ. ಸುತ್ತಲಿನ ಸಣ್ಣ ಆಸ್ಪತ್ರೆಗಳಿಗೆ ಅದರೊಂದಿಗೆ ನೇರ ಸಂಪರ್ಕ. ಸಣ್ಣ ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಕಳುಹಿಸುವುದು, ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಕೊಡುವುದು, ಬಳಿಕ 108ರ ವಾಹನದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. 2012ರಿಂದ 2014ರವರೆಗೆ ನಡೆದ ಈ ಅಧ್ಯಯನದಲ್ಲಿ 2,420 ರೋಗಿಗಳಿದ್ದರು. ಒಂದು ವರ್ಷದೊಳಗಿನ ಸಾವಿನ ಪ್ರಮಾಣ ಶೇ 17.6ರಿಂದ ಶೇ 14.2ಕ್ಕೆ ಇಳಿಯಿತು. ಹೊಸ ಔಷಧ ಯಾವುದೂ ಇದರಲ್ಲಿರಲಿಲ್ಲ. ಇದ್ದ ಔಷಧ, ಇದ್ದ ವಾಹನ, ಇದ್ದ ವಿಮೆಯನ್ನು ಒಂದಕ್ಕೊಂದು ಹೊಂದಿಸಿದ್ದಷ್ಟೇ. ಫಲಿತಾಂಶ 2017ರಲ್ಲಿ ಅಮೆರಿಕದ ‘ಜಾಮಾ ಕಾರ್ಡಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದ ತುರ್ತುಸೇವೆಯ ಬಗ್ಗೆ ಇಷ್ಟು ಸ್ಪಷ್ಟವಾದ ಪುರಾವೆ ಕೊಟ್ಟ ಕೆಲಸ ವಿರಳ.

ಗಾಯ, ಹೃದಯಾಘಾತ, ಪಾರ್ಶ್ವವಾಯು, ಸುಟ್ಟಗಾಯ, ವಿಷಪ್ರಾಶನ, ಮಕ್ಕಳ ತುರ್ತುಚಿಕಿತ್ಸೆಗಳನ್ನು ಒಂದೇ ಸೂರಿನಡಿ ತರುವ ‘ತಾಯಿ’ ಯೋಜನೆಯನ್ನು (ಟಿಎಇಐ) ರಾಜ್ಯ ಸರ್ಕಾರ ಆಮೇಲೆ ರೂಪಿಸಿತು. 2021ರ ಡಿಸೆಂಬರ್ 18ರಂದು ಮೇಲ್ಮರುವತ್ತೂರಿನಲ್ಲಿ ಆರಂಭವಾದ ‘ಇನ್ನುಯಿರ್ ಕಾಪ್ಪೋಂ’ ಯೋಜನೆಯಂತೆ ಅಪಘಾತದ ಮೊದಲ 48 ಗಂಟೆಯ ಚಿಕಿತ್ಸೆ ಉಚಿತ. ರಸ್ತೆ ಅಪಘಾತಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆ ‘ಐರಾಡ್’ ಅನ್ನು ಕಟ್ಟಿಕೊಟ್ಟದ್ದು ಮದ್ರಾಸ್ ಐಐಟಿ.

ಇಷ್ಟೆಲ್ಲ ಅಧ್ಯಯನಗಳು ಅಳೆದದ್ದು ರೋಗಿಯ ನಿಮಿಷಗಳನ್ನು. ಸಿಬ್ಬಂದಿಯತ್ತ ಕಣ್ಣುಹಾಯಿಸಿದ ಸಂಶೋಧನೆ ಜಗತ್ತಿನಲ್ಲೇ ಹೊಸದು. ಅಮೆರಿಕದಲ್ಲಿ ಬ್ರಯಾನ್ ಮೆಗ್ವಾಯರ್ ಮತ್ತು ಸಂಗಡಿಗರು 2002ರಲ್ಲಿ ಲೆಕ್ಕಹಾಕಿದಾಗ, ಅಲ್ಲಿ ಒಟ್ಟಾರೆ ಕೆಲಸಗಾರರಲ್ಲಿ ಲಕ್ಷಕ್ಕೆ 5ರಷ್ಟಿದ್ದ ವೃತ್ತಿಸಂಬಂಧಿ ಸಾವು ಆಂಬುಲೆನ್ಸ್ ಸಿಬ್ಬಂದಿಯಲ್ಲಿ 12.7 ಇತ್ತು, ಬಹುಪಾಲು ವಾಹನ ಅಪಘಾತದಿಂದಲೇ. ಕಾರಣ ಊಹಿಸುವುದು ಕಷ್ಟವಲ್ಲ. ಓಡುವ ವಾಹನದಲ್ಲಿ ರೋಗಿಯ ಎದೆ ಒತ್ತಬೇಕಾದವರು ಸೀಟ್ ಬೆಲ್ಟ್ ಕಟ್ಟಿಕೊಂಡು ಕೂರಲಾರರು. ಭಾರತದಲ್ಲಿ ಎಐಎಸ್-125 ಎಂಬ ಆಂಬುಲೆನ್ಸ್ ಮಾನದಂಡ ವಾಹನದ ಒಳರಚನೆಗೆ ನಿಯಮ ಹಾಕಿತು. ಜನರ ಕೈಯಿಂದ ಬರುವ ಅಪಾಯಕ್ಕೆ ವಾಹನದ ಮಾನದಂಡದಲ್ಲಿ ಉತ್ತರವಿಲ್ಲ. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 108 ಸೇವೆಯ 386 ಸಿಬ್ಬಂದಿಯನ್ನು ಮಾತನಾಡಿಸಿ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂರನೇ ಎರಡು ಪಾಲು ಮಂದಿ ಕೆಲಸದಲ್ಲಿ ಹಿಂಸೆ ಅನುಭವಿಸಿದ್ದೇವೆ ಎಂದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಏಟು ಬಿದ್ದಿತ್ತು.

ಚೆನ್ನೈಯಲ್ಲಿ ಅದು ಕಣ್ಣೆದುರೇ ನಡೆದದ್ದು 2020ರ ಏಪ್ರಿಲ್ 19ರ ರಾತ್ರಿ. ಕೋವಿಡ್‌ನಿಂದ ತೀರಿಕೊಂಡ ನರಶಸ್ತ್ರವೈದ್ಯ ಡಾ. ಸೈಮನ್ ಹರ್ಕ್ಯುಲಿಸ್ ಅವರ ದೇಹವನ್ನು ಮಣ್ಣು ಮಾಡಲು ಕೀಳ್ಪಾಕ್‌ನಲ್ಲಿ ಜನ ಬಿಡಲಿಲ್ಲ. ಅಣ್ಣಾನಗರದ ವೇಲಂಗಾಡು ಸ್ಮಶಾನಕ್ಕೆ ಒಯ್ದಾಗ ಕಲ್ಲು, ದೊಣ್ಣೆಗಳಿಂದ ಆಂಬುಲೆನ್ಸಿನ ಮೇಲೆ ಬಿದ್ದರು. ಗಾಜು ಒಡೆಯಿತು, ಚಾಲಕರೂ ನಗರಪಾಲಿಕೆಯ ನೌಕರರೂ ಗಾಯಗೊಂಡರು. ಸಹೋದ್ಯೋಗಿ ಡಾ. ಪ್ರದೀಪ್ ಕುಮಾರ್ ತಾವೇ ಆಂಬುಲೆನ್ಸ್ ಓಡಿಸಿ, ನಡುರಾತ್ರಿ ಪೊಲೀಸರ ಕಾವಲಿನಲ್ಲಿ ಗುದ್ದಲಿ ಹಿಡಿದು ಗೆಳೆಯನನ್ನು ಮಣ್ಣು ಮಾಡಿದರು. ಮರುದಿನ ಮದ್ರಾಸ್ ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ತೆಗೆದುಕೊಂಡಿತು. ಬೇರೆ ಊರುಗಳಲ್ಲೂ ಇಂಥ ಹಲ್ಲೆಗಳು ನಡೆದಿದ್ದ ಕಾಲವದು. ಏಪ್ರಿಲ್ 22ರಂದು ಕೇಂದ್ರ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿ ತಂದು, ತೀವ್ರ ಗಾಯ ಮಾಡಿದವರಿಗೆ 7 ವರ್ಷದವರೆಗೆ ಸೆರೆವಾಸ ವಿಧಿಸಿತು.

ಆದರೆ ಆ ರಕ್ಷಣೆ ಸಾಂಕ್ರಾಮಿಕದ ಅವಧಿಗಷ್ಟೇ. ಉಳಿದ ಕಾಲಕ್ಕೆ ತಮಿಳುನಾಡಿನಲ್ಲಿ 2008ರ, ಕರ್ನಾಟಕದಲ್ಲಿ 2009ರ ವೈದ್ಯಕೀಯ ಸಿಬ್ಬಂದಿ ರಕ್ಷಣಾ ಕಾಯ್ದೆಗಳಿವೆ. ಕಾನೂನಿನ ಕೊರತೆಯಿಂದ ಏಟು ಬೀಳುತ್ತಿಲ್ಲ. ವಾಹನ ತಡವಾಯಿತೆಂದು ಸಿಟ್ಟಾದ ಗುಂಪಿನ ಎದುರು ಇಬ್ಬರೇ ನಿಲ್ಲುವುದು, ದೂರು ಕೊಡಲು ಪಾಳಿ ಬಿಟ್ಟು ಠಾಣೆಗೆ ಅಲೆಯುವುದು, ಕೆಲಸದ ಭದ್ರತೆ ಇಲ್ಲದಿರುವುದು ಕಾರಣ. ಕರೆ ಬಂದ ಕ್ಷಣದಿಂದ ಆಸ್ಪತ್ರೆ ಮುಟ್ಟುವವರೆಗಿನ ನಿಮಿಷಗಳನ್ನು ದಾಖಲಿಸುವ ವ್ಯವಸ್ಥೆ, ಇಎಂಟಿ ಮತ್ತು ಪೈಲಟ್‌ಗಳಿಗೆ ಆದ ಪ್ರತಿ ಹಲ್ಲೆ, ಗಾಯ, ಸಾವನ್ನೂ ಅದೇ ಶಿಸ್ತಿನಿಂದ ದಾಖಲಿಸಿ ವರ್ಷಕ್ಕೊಮ್ಮೆ ಜನರ ಮುಂದಿಡಬೇಕು.