ಯಕೃತ್ತಿನ ಗಡ್ಡೆಯನ್ನು ಕೈ ಗುರುತಿಸಿದ ಬಗೆ

ಯಕೃತ್ತಿನ ಬಹುಭಾಗ ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿದೆ. ಬೆಳೆದು ಕೆಳಗಿಳಿದರಷ್ಟೇ ಅದು ಕೈಗೆ ಚೆನ್ನಾಗಿ ಸಿಗುತ್ತದೆ. ಚರಕಸಂಹಿತೆಯ ಉದರರೋಗ ಪ್ರಕರಣದಲ್ಲಿ, ಎಡಗಡೆಯ ಪ್ಲೀಹ ಮೊದಲು ಕಲ್ಲಿನಂತೆ ಗಟ್ಟಿಯಾಗಿ, ಬೆಳೆಯುತ್ತ ಆಮೆಯ ಆಕಾರ ತಾಳುತ್ತದೆಂಬ ವಿವರಣೆಯಿದೆ. ಬಲಗಡೆಯ ಯಕೃತ್ತಿಗೂ ಅದೇ ಮಾತು ಸಲ್ಲುತ್ತದೆ. ಹೊಟ್ಟೆ ಮುಟ್ಟಿ ನೋಡಿದವರಿಗೇ ಹೊಳೆಯುವಂಥ ವಿವರಣೆಯಿದು.

ಪಕ್ಕೆಲುಬಿನಡಿ ಅಡಗಿದ್ದನ್ನು ಅಳೆಯುವ ದಾರಿ ತೆರೆದದ್ದು ವಿಯೆನ್ನಾದಲ್ಲಿ. ಅಲ್ಲಿನ ವೈದ್ಯ ಔಎನ್‌ಬ್ರುಗ್ಗರ್, ಎದೆಯ ಮೇಲೆ ಬೆರಳಿನಿಂದ ತಟ್ಟಿ ಸದ್ದು ಕೇಳುವ ಕ್ರಮವನ್ನು 1761ರಲ್ಲಿ ಪ್ರಕಟಿಸಿದ. ಅದಕ್ಕೆ ಮನ್ನಣೆ ಸಿಗಲು, 1808ರಲ್ಲಿ ಕೊರ್ವಿಸಾರ್‌ನ ಫ್ರೆಂಚ್ ಅನುವಾದ ಬರುವವರೆಗೂ ಕಾಯಬೇಕಾಯಿತು. 1826ರಲ್ಲಿ ಪ್ಯಾರಿಸ್ಸಿನ ಪಿಯೊರಿ ಮೈಮೇಲೆ ದಂತದ ಬಿಲ್ಲೆಯಿಟ್ಟು ತಟ್ಟಿ, ಹೊಟ್ಟೆಯ ಅಂಗಗಳ ಗಡಿಯನ್ನೂ ಗುರುತಿಸತೊಡಗಿದ. ಬಿಲ್ಲೆಯ ಜಾಗಕ್ಕೆ ಕ್ರಮೇಣ ವೈದ್ಯನ ಎಡಗೈ ಬೆರಳೇ ಬಂತು. ಶ್ವಾಸಕೋಶದ ಮೇಲೆ ಟೊಳ್ಳಾಗಿ ಕೇಳುವ ಸದ್ದು ಯಕೃತ್ತಿನ ಮೇಲೆ ಮಂದವಾಗುತ್ತದೆ. ಆ ಮಂದ ಸದ್ದು ಮಾಮೂಲಿಗಿಂತ ಮೇಲಕ್ಕೋ ಕೆಳಕ್ಕೋ ಹಬ್ಬಿದ್ದರೆ ಒಳಗೇನೋ ಬೆಳೆದಿರುವ ಶಂಕೆ.

ಆದರೆ ಗಡ್ಡೆಯ ಸ್ವಭಾವ ತಿಳಿಸುವುದು ಕೈಯ ಸ್ಪರ್ಶ. ಬೆರಳುಗಳನ್ನು ಬಲ ಕಿಬ್ಬೊಟ್ಟೆಯಿಂದ ಮೇಲಕ್ಕೆ ಸರಿಸುತ್ತ, ರೋಗಿಗೆ ದೀರ್ಘವಾಗಿ ಉಸಿರೆಳೆಯಲು ಹೇಳಬೇಕು. ಉಸಿರೆಳೆದಾಗ ಯಕೃತ್ತು ತಾನಾಗಿ ಕೆಳಗಿಳಿದು ಬೆರಳಿಗೆ ತಾಗುತ್ತದೆ. ಕಲ್ಲಿನಂತೆ ಗಟ್ಟಿಯಾಗಿ, ಅಂಚು ಅಂಕುಡೊಂಕಾಗಿ, ಗಂಟುಗಂಟಾಗಿದ್ದರೆ ಕ್ಯಾನ್ಸರಿನ ಭಯ. ಜ್ವರವಿದ್ದು, ಪಕ್ಕೆಲುಬುಗಳ ನಡುವೆ ಒಂದು ಬೆರಳಿನಿಂದ ಒತ್ತಿದರೂ ರೋಗಿ ನೋವಿಗೆ ಮುಖ ಕಿವಿಚಿದರೆ ಅಮೀಬಾದ ಕೀವುಬಾವಿನ ಶಂಕೆ. ನಮ್ಮ ದೇಶದ ವಾರ್ಡುಗಳಲ್ಲಿ ಇಂದಿಗೂ ಬೆಲೆಯುಳ್ಳ ಗುರುತು ಇದು. ಸ್ಟೆತೊಸ್ಕೋಪ್ ಇಟ್ಟಾಗ ಯಕೃತ್ತಿನ ಮೇಲೆ ರಕ್ತ ಹರಿಯುವ ಮರ್ಮರ ಕೇಳಿದರೆ, ಯಕೃತ್ತಿನಲ್ಲೇ ಹುಟ್ಟಿದ ಕ್ಯಾನ್ಸರನ್ನೂ ಯೋಚಿಸಬೇಕು.

ಗಡ್ಡೆ ಬೇರೆಡೆಯಿಂದ ಹರಡಿ ಬಂದಿರುವುದೂ ಉಂಟು; ಅದರ ಸುಳಿವನ್ನು ಮೈಯ ಬೇರೆ ಕಡೆಯೂ ಹುಡುಕಬೇಕು. 1848ರಲ್ಲಿ ಜರ್ಮನ್ ವೈದ್ಯ ಫಿರ್ಕೋ ಎಡ ಕೊರಳೆಲುಬಿನ ಮೇಲಿನ ಗ್ರಂಥಿಯ ಊತಕ್ಕೂ ಹೊಟ್ಟೆಯ ಕ್ಯಾನ್ಸರಿಗೂ ನಂಟು ಕಂಡ. ಅಮೆರಿಕದ ರಾಚೆಸ್ಟರಿನಲ್ಲಿ ಶಸ್ತ್ರಚಿಕಿತ್ಸೆಗೆ ರೋಗಿಗಳ ಹೊಟ್ಟೆಯನ್ನು ತೊಳೆದು ಸಜ್ಜುಗೊಳಿಸುತ್ತಿದ್ದ ದಾದಿ ಸಿಸ್ಟರ್ ಮೇರಿ ಜೋಸೆಫ್, ಹೊಕ್ಕುಳಲ್ಲಿ ಗಟ್ಟಿ ಗಂಟಿದ್ದವರಿಗೆ ಒಳಗೆ ಹರಡಿದ ಕ್ಯಾನ್ಸರ್ ಇರುವುದನ್ನು ಗಮನಿಸಿದರು. 1928ರಲ್ಲಿ ಅದನ್ನು ಬರೆದು ಪ್ರಕಟಿಸಿದವನು ಶಸ್ತ್ರವೈದ್ಯ ವಿಲಿಯಂ ಮೇಯೊ. 1949ರಲ್ಲಿ ಇಂಗ್ಲಿಷ್ ಶಸ್ತ್ರವೈದ್ಯ ಹ್ಯಾಮಿಲ್ಟನ್ ಬೇಲಿ ಆ ಗಂಟಿಗೆ ಸಿಸ್ಟರ್ ಹೆಸರನ್ನೇ ಇಟ್ಟದ್ದು ನ್ಯಾಯವಾದ ಕೆಲಸ.

ಇಷ್ಟೆಲ್ಲ ನೋಡಿದರೂ ಸಣ್ಣ ಗಡ್ಡೆಗಳೂ ಪಕ್ಕೆಲುಬಿನಡಿ ಆಳದಲ್ಲಿರುವವೂ ಕೈಗೆ ಸಿಗುವುದಿಲ್ಲ. 1970ರ ದಶಕದಿಂದ ಅಲ್ಟ್ರಾಸೌಂಡ್, ಸಿ.ಟಿ. ಸ್ಕ್ಯಾನುಗಳು ಅವನ್ನು ಬೆಳೆಯುವ ಮೊದಲೇ ತೋರಿಸತೊಡಗಿದವು.