ಉತಾರಕ್ಕೆ ಎರಡು ಬೀಗ

ರೋಣ, ನರಗುಂದ, ಗಜೇಂದ್ರಗಡದ ಕಡೆ ಪಹಣಿ ಪತ್ರಿಕೆಗೆ ಇಂದಿಗೂ ‘ಉತಾರ’ ಎಂಬ ಹೆಸರೇ ಬಳಕೆಯಲ್ಲಿದೆ. ಬೆಳೆಸಾಲವಿರಲಿ, ವಾರಸಾ ಇರಲಿ, ಹೊಲದ ಖರೀದಿ ಇರಲಿ, ಮೊದಲು ಕೇಳುವುದು ಈ ಒಂದು ಹಾಳೆಯನ್ನು. ಅದನ್ನು ಓದುವವರು ಯಾರು, ಅದರಲ್ಲಿ ಬರೆಯುವವರು ಯಾರು ಎಂಬ ಪ್ರಶ್ನೆ ಗಣಕಯಂತ್ರದೊಂದಿಗೆ ಹುಟ್ಟಿದ್ದಲ್ಲ. ದೂರದ ಯಂತ್ರಕ್ಕೆ ಲಾಗಿನ್ ಆದ ನೌಕರನ ಪರದೆಯ ಮೇಲೆ ಮೂಡುವ ‘ಅನುಮತಿ ಇಲ್ಲ’ ಎಂಬ ಸಾಲಿನ ಹಿಂದೆ ದಫ್ತರದ ಹಳೆಯ ಕಥೆಯೇ ಇದೆ.

ಮೊದಲು ದಫ್ತರ ಕುಲಕರ್ಣಿಯ ಮನೆಯಲ್ಲಿ ಬಟ್ಟೆ ಸುತ್ತಿಕೊಂಡು ಕುಳಿತಿರುತ್ತಿತ್ತು. ಹುದ್ದೆ ವಂಶಪಾರಂಪರ್ಯವಾದದ್ದು, ಅದಕ್ಕೆ ವತನವೂ ಇತ್ತು. ಎಷ್ಟೋ ಕಾಗದಗಳು ಮೋಡಿ ಲಿಪಿಯಲ್ಲಿರುತ್ತಿದ್ದವು. ಹೊಲದ ಒಡೆಯನ ಮುಂದೆಯೇ ಕಟ್ಟು ಬಿಚ್ಚಿದರೂ ಅವನಿಗೆ ಅದು ಮುಚ್ಚಿದಂತೆಯೇ. ಲಿಪಿಗಿಂತ ಗಟ್ಟಿಯಾದ ಬೀಗ ಇನ್ನೊಂದಿಲ್ಲ ಎಂದರೆ ತಪ್ಪಾಗಲಾರದು.

ಬಾಬಾಸಾಹೇಬ ಭಾವೆಯವರ ನರಗುಂದ ಸಂಸ್ಥಾನವು 1858ರ ಬಂಡಾಯದ ನಂತರ ಬ್ರಿಟಿಷರ ವಶವಾಗಿ ಧಾರವಾಡ ಜಿಲ್ಲೆಗೆ ಸೇರಿತು. ಮುಂದೆ ಮುಂಬಯಿ ಸರ್ಕಾರ 1903ರಲ್ಲಿ ಹಕ್ಕುದಾಖಲೆಯ ಕಾಯ್ದೆಯನ್ನು ತಂದಿತು. ಅದರಿಂದ ಬೆಳೆದ ಪದ್ಧತಿಯಲ್ಲಿ ಒಂದು ಕುತೂಹಲಕಾರಿ ಅಂಶವಿದೆ. ಜಮೀನು ಕೈಬದಲಾದಾಗ ಊರಿನ ಲೆಕ್ಕಿಗ ವಹಿಯಲ್ಲಿ ಬರೆದುಕೊಳ್ಳುತ್ತಾನೆ, ಆದರೆ ಮೇಲಿನ ಅಧಿಕಾರಿ ಪರಿಶೀಲಿಸಿ ಸಹಿ ಹಾಕುವ ತನಕ ಅದು ಸಿಂಧುವಲ್ಲ. ಬರೆಯುವ ಕೈ ಬೇರೆ, ಒಪ್ಪುವ ಕೈ ಬೇರೆ. 1951ರಲ್ಲಿ ಮುಂಬಯಿ ರಾಜ್ಯ ಕುಲಕರ್ಣಿ ವತನಗಳನ್ನು ರದ್ದುಪಡಿಸಿತು, ಸಂಬಳದ ತಲಾಟಿ ಬಂದ. ಕೀಲಿಕೈ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು, ಅಷ್ಟೆ. ಉತಾರ ಬೇಕಾದ ರೈತ ತಲಾಟಿ ಸಿಗುವ ತನಕ ಕಾಯುವುದು ತಪ್ಪಲಿಲ್ಲ.

ಈ ಕಾಯುವಿಕೆಯನ್ನು ಮುರಿಯಲು ಹೊರಟದ್ದು ‘ಭೂಮಿ’ ಯೋಜನೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. 2000ದ ನಂತರದ ಒಂದೆರಡು ವರ್ಷಗಳಲ್ಲಿ ತಾಲ್ಲೂಕು ಕಚೇರಿಗಳಲ್ಲಿ ಕಿಂಡಿ ತೆರೆಯಿತು, 15 ರೂಪಾಯಿಗೆ ಪ್ರತಿ ಸಿಗತೊಡಗಿತು, ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು. ಓದುವ ಹಕ್ಕು ಹೀಗೆ ಎಲ್ಲರಿಗೂ ಬಂತು. ಬರೆಯುವ ಹಕ್ಕನ್ನು ಮಾತ್ರ ಇನ್ನಷ್ಟು ಬಿಗಿ ಮಾಡಲಾಯಿತು. ಪಾಸ್‌ವರ್ಡ್ ಒಂದನ್ನೇ ನಂಬದೆ ನೌಕರನ ಬೆರಳಚ್ಚನ್ನು ಕೇಳುವ ವ್ಯವಸ್ಥೆ ಬಂತು. ‘ಅದನ್ನು ಮಾಡಿದವನು ನಾನಲ್ಲ, ಯಾರೋ ನನ್ನ ಹೆಸರಿನಲ್ಲಿ ಮಾಡಿರಬೇಕು’ ಎಂಬ ಮಾತಿಗೆ ಎಡೆ ಇರಬಾರದು ಎಂಬುದೇ ಉದ್ದೇಶ. ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆದುಕೊಳ್ಳಬೇಕೆಂಬ ಕಟ್ಟಳೆಯನ್ನೂ ತಂತ್ರಾಂಶದೊಳಗೇ ಇಡಲಾಯಿತು.

ಪಾಸ್‌ವರ್ಡಿನ ಚರಿತ್ರೆಯೂ ಹಂಚಿಕೆಯ ಜಗಳದಿಂದಲೇ ಶುರುವಾದದ್ದು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಒಂದೇ ಯಂತ್ರವನ್ನು ಹಲವರು ಬಳಸಬೇಕಾದಾಗ ಪ್ರತಿಯೊಬ್ಬರ ಕಡತಕ್ಕೂ ಗುಟ್ಟಿನ ಪದ ಬೇಕಾಯಿತು. ಮುಂದೆ ಬಂದ ಯುನಿಕ್ಸ್ ಪ್ರತಿ ಕಡತಕ್ಕೂ ಒಡೆಯ, ಗುಂಪು, ಇತರರು ಎಂದು ಮೂರು ವರ್ಗ ಮಾಡಿ, ಓದು, ಬರೆ, ನಡೆಸು ಎಂಬ ಮೂರು ಅಪ್ಪಣೆಗಳನ್ನು ಇಟ್ಟಿತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಒಂದೊಂದು ಕಡತಕ್ಕೂ ಹೆಸರುಗಳ ಪಟ್ಟಿಯನ್ನೇ ಜೋಡಿಸಿತು.

ಕಚೇರಿಗಳಲ್ಲಿ ತೊಡಕು ಹುಟ್ಟುವುದು ಇಲ್ಲಿಯೇ. ‘ಭೂಮಿ’ ಒಂದು ದತ್ತಾಂಶ ಸಂಗ್ರಹ, ಅದರ ಅಪ್ಪಣೆಗಳು ಅದರೊಳಗೇ ಇವೆ. ಆದರೆ ಯಾವುದೇ ಕಚೇರಿಯ ಪತ್ರಗಳು, ತಖ್ತೆಗಳು ಜಾಲದಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿದ್ದರೆ ಅವಕ್ಕೆ ಎರಡು ಬೀಗ. ವಾಡೆಗೆ ಹೆಬ್ಬಾಗಿಲು ಇದ್ದಂತೆ ಫೋಲ್ಡರಿನ ಹಂಚಿಕೆಗೆ ಒಂದು ಅಪ್ಪಣೆ, ಒಳಕೋಣೆಗೆ ಇದ್ದಂತೆ ಕಡತಕ್ಕೆ ಇನ್ನೊಂದು. ಜಾಲದ ಮೂಲಕ ಬಂದವನಿಗೆ ಇವೆರಡರಲ್ಲಿ ಯಾವುದು ಬಿಗಿಯೋ ಅದೇ ಅನ್ವಯ. ದೂರದ ಸರ್ವರಿಗೆ ಲಾಗಿನ್ ಆಗಿ ಅದರದೇ ಡಿಸ್ಕಿನಲ್ಲಿ ಕಡತ ತೆರೆದರೆ ಹೆಬ್ಬಾಗಿಲಿನ ಪ್ರಶ್ನೆ ಬರುವುದಿಲ್ಲ. ಹಾಗೆ ತೆರೆದುಕೊಂಡ ಕಡತ ಹಂಚಿಕೆಯ ದಾರಿಯಲ್ಲಿ ತೆರೆಯದಿದ್ದರೆ ದೋಷ ಹೆಬ್ಬಾಗಿಲಿನಲ್ಲಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು. ಎರಡೂ ಕಡೆ ತೆರೆಯದಿದ್ದರೆ ಒಳಕೋಣೆಯನ್ನು ಮೊದಲು ನೋಡಬೇಕು.

ಇನ್ನೂ ಕೆಲವು ಸಂಗತಿಗಳಿವೆ. ಯಾವ ಹೆಸರಿನಲ್ಲಿ ಒಳಹೊಕ್ಕಿದ್ದೇವೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು. ಮುಂದಿರುವ ಯಂತ್ರದಲ್ಲಿ ಒಂದು ಹೆಸರು, ದೂರದ ಯಂತ್ರದಲ್ಲಿ ಇನ್ನೊಂದು ಹೆಸರು ಇರುವುದು ಸಾಮಾನ್ಯ. ನೌಕರನನ್ನು ಅಧಿಕಾರವಿರುವ ಗುಂಪಿಗೆ ಈಗಷ್ಟೇ ಸೇರಿಸಿದ್ದರೆ ಅವನು ಒಮ್ಮೆ ಹೊರಬಂದು ಮತ್ತೆ ಲಾಗಿನ್ ಆಗಬೇಕು, ಏಕೆಂದರೆ ಗುಂಪುಗಳ ಗುರುತುಚೀಟಿ ತಯಾರಾಗುವುದು ಒಳಹೋಗುವಾಗಲೇ. ಕೆಲವು ಬಗೆಯ ದೂರ ಲಾಗಿನ್‌ಗಳಲ್ಲಿ ಗುರುತು ಎರಡನೆಯ ಯಂತ್ರದವರೆಗೆ ಮಾತ್ರ ಸಾಗುತ್ತದೆ, ಅಲ್ಲಿಂದ ಮೂರನೆಯ ಯಂತ್ರದ ಫೋಲ್ಡರಿಗೆ ದಾಟುವುದಿಲ್ಲ. ಇದು ಕೆಟ್ಟಂತೆ ಕಂಡರೂ ಬೇಕೆಂದೇ ಇಟ್ಟ ಕಾವಲು.

ಇಷ್ಟೆಲ್ಲ ಹುಡುಕುವ ತಾಳ್ಮೆ ಇಲ್ಲದಿದ್ದಾಗ ಎರಡು ಅಡ್ಡದಾರಿಗಳು ಕಾಣುತ್ತವೆ: ಫೋಲ್ಡರನ್ನು ‘ಎಲ್ಲರಿಗೂ ಪೂರ್ಣ ಅಧಿಕಾರ’ ಎಂದು ತೆರೆದಿಡುವುದು, ಇಲ್ಲವೇ ಕಡತ ತೆರೆಯಬಲ್ಲ ಒಬ್ಬರ ಪಾಸ್‌ವರ್ಡನ್ನು ಇಡೀ ಕಚೇರಿಗೆ ಹೇಳಿಕೊಡುವುದು. ಕೆಲಸವೇನೋ ಆ ಕ್ಷಣಕ್ಕೆ ಸಾಗುತ್ತದೆ. ಆದರೆ ಬರೆಯುವ ಕೈ, ಒಪ್ಪುವ ಕೈ ಎರಡೂ ಒಂದೇ ಹೆಸರಿನಲ್ಲಿ ಬೆರೆತುಹೋಗುತ್ತವೆ. ನಾಳೆ ಒಬ್ಬ ರೈತನ ಅರ್ಜಿಯ ಕಾಗದ ಕಾಣೆಯಾದರೆ ತೆಗೆದವರು ಯಾರೆಂದು ಯಂತ್ರ ಹೇಳಲಾರದು. ಕುಲಕರ್ಣಿಯ ಕಾಲದಲ್ಲಾದರೂ ದಫ್ತರ ಯಾರ ಮನೆಯಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗಡಿ ಬದಲಾದಾಗಲೂ ಇದೇ ಕೆಲಸ ಎದುರಾಗುತ್ತದೆ. 1997ರಲ್ಲಿ ರೋಣ, ನರಗುಂದಗಳು ಧಾರವಾಡದಿಂದ ಬೇರ್ಪಟ್ಟು ಗದಗ ಜಿಲ್ಲೆಗೆ ಬಂದವು. ರೋಣ ತಾಲ್ಲೂಕಿನಿಂದ ಗಜೇಂದ್ರಗಡವನ್ನು ಪ್ರತ್ಯೇಕ ತಾಲ್ಲೂಕು ಮಾಡುವ ಘೋಷಣೆ ಹೊರಬಿದ್ದದ್ದು 2017ರ ಬಜೆಟ್ಟಿನಲ್ಲಿ. ಕಚೇರಿಗೆ ಹೊಸ ಫಲಕ ಹಾಕಲು ಒಂದು ದಿನ ಸಾಕು. ಯಾವ ಊರಿನ ಕಡತ ಇನ್ನು ಯಾರ ಹೆಸರಿಗೆ ತೆರೆಯಬೇಕು, ಹಳೆಯ ಕಚೇರಿಯ ಯಾವ ಹೆಸರಿಗೆ ಮುಚ್ಚಬೇಕು ಎಂಬುದನ್ನು ಮಾತ್ರ ಒಂದೊಂದಾಗಿ ಕುಳಿತು ಬರೆಯಬೇಕಾಗುತ್ತದೆ.